ಕಡಲಂಚಿನ ದೇವಸ್ಥಾನ, ದೈವಸ್ಥಾನ, ಮಸೀದಿ, ಇಗರ್ಜಿಗಳು: ಕಡಲ್ಕೊರೆತ ಮತ್ತು ಭರತದ ನೀರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರೂರಿನಿಂದ ತಲಪಾಡಿಯವರೆಗಿನ ತೀರದಲ್ಲಿ ದೇವಸ್ಥಾನ, ದೈವಸ್ಥಾನ, ನಾಗಬನ, ಭಜನಾ ಮಂದಿರ, ಮಸೀದಿ, ದರ್ಗಾ ಮತ್ತು ಇಗರ್ಜಿಗಳ (ಚರ್ಚುಗಳ) ಆಡಳಿತ ನೋಡಿಕೊಳ್ಳುವವರು ಮಳೆಗಾಲ ಹತ್ತಿರವಾದಾಗಲೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಈ ಉತ್ತರಗಳು ಎಂಜಿನಿಯರ್, ತಂತ್ರಿ, ಖಾಝಿ ಅಥವಾ ಧರ್ಮಗುರುಗಳ ಸಲಹೆಯ ಜಾಗವನ್ನು ತುಂಬಲಾರವು. ಅವರ ಬಳಿಗೆ ಹೋಗುವ ಮೊದಲು ಸಮಿತಿಯವರು ಏನನ್ನು ನೋಡಿಟ್ಟುಕೊಂಡಿರಬೇಕು, ಏನನ್ನು ಕೇಳಬೇಕು ಎಂಬುದಕ್ಕೆ ಇವು ನೆರವಾಗಬಹುದು.

ಕಡಲು ಪ್ರತಿ ಮಳೆಗಾಲದಲ್ಲೂ ಒಳಬಂದು ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ನಮ್ಮ ಕಟ್ಟಡಕ್ಕೆ ನಿಜವಾಗಿ ಅಪಾಯವಿದೆಯೇ ಎಂದು ತಿಳಿಯುವುದು ಹೇಗೆ?

ಜೂನ್‌ನಿಂದ ಆಗಸ್ಟ್‌ವರೆಗಿನ ದೊಡ್ಡ ಅಲೆಗಳು ದಡದ ಮರಳನ್ನು ಎಳೆದು, ತೀರಕ್ಕೆ ಸ್ವಲ್ಪ ದೂರದಲ್ಲಿ ನೀರಿನಡಿಯ ದಿಣ್ಣೆಯಾಗಿ ಕೂರಿಸುತ್ತವೆ. ಸೆಪ್ಟೆಂಬರ್ ಕಳೆದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮೆಲ್ಲನೆ ದಡಕ್ಕೆ ಮರಳಿಸುತ್ತವೆ. ಆದ್ದರಿಂದ ಜುಲೈಯಲ್ಲಿ ಮೆಟ್ಟಿಲಿನ ಬುಡಕ್ಕೆ ನೀರು ಬಂದಿತು ಎಂಬುದು ಅಷ್ಟೇನೂ ದೊಡ್ಡ ಸಂಗತಿಯಲ್ಲ. ಫೆಬ್ರವರಿಯಲ್ಲಿ ಮರಳು ಎಷ್ಟು ಹಿಂದಿರುಗಿದೆ ಎಂಬುದೇ ಮುಖ್ಯ. ಇದನ್ನು ಅಳೆಯಲು ದುಬಾರಿ ಉಪಕರಣ ಬೇಕಾಗಿಲ್ಲ. ಪೌಳಿಯ, ಅಂದರೆ ಗರ್ಭಗುಡಿಯ ಸುತ್ತಲಿನ ಆವರಣದ, ಗೋಡೆಯ ಒಂದು ಮೂಲೆಯನ್ನು ಗುರುತು ಹಾಕಿಕೊಂಡು, ಪ್ರತಿ ಹುಣ್ಣಿಮೆಯ ಮರುದಿನ ಭರತದ ನೀರು ಕಸಕಡ್ಡಿ ಬಿಟ್ಟುಹೋದ ಗೆರೆಯವರೆಗೆ ಟೇಪು ಹಿಡಿದು, ಆ ಅಂತರವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಜುಲೈಯನ್ನು ಜುಲೈಯೊಂದಿಗೂ ಫೆಬ್ರವರಿಯನ್ನು ಫೆಬ್ರವರಿಯೊಂದಿಗೂ ಮಾತ್ರ ಹೋಲಿಸಬೇಕು. ಮೂರ್ನಾಲ್ಕು ವರ್ಷ ಬೇಸಿಗೆಯ ಅಂತರ ಕಡಿಮೆಯಾಗುತ್ತಲೇ ಬಂದಿದ್ದರೆ ಅದು ಋತುಮಾನದ ಏರಿಳಿತವಲ್ಲ, ಕೊರೆತ.

ಅಳತೆ ಇಟ್ಟಿರದಿದ್ದರೂ ನೆಲ ಕೆಲವು ಸೂಚನೆಗಳನ್ನು ಕೊಡುತ್ತದೆ. ತೆಂಗಿನ ಬುಡದ ಬೇರು ಆಳೆತ್ತರ ಹೊರಬಂದಿರುವುದು, ಹಿಂದೆ ಹಿತ್ತಿಲಿನಲ್ಲಿದ್ದ ಬಾವಿಯ ಉಂಗುರಗಳು ಈಗ ದಡದ ಮೇಲೆ ಒಂಟಿಯಾಗಿ ನಿಂತಿರುವುದು, ಮರಳಿನಡಿಯಿಂದ ಹಳೆಯ ನದೀಪಾತ್ರದ ಕಪ್ಪು ಜೇಡಿ ಇಣುಕುವುದು, ಇವೆಲ್ಲ ದಡ ಹಿಂದೆ ಸರಿದಿರುವುದರ ಗುರುತು. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ದೇಶದ ತೀರದ ಸುಮಾರು ಮೂರನೇ ಒಂದು ಭಾಗವೂ ಕರ್ನಾಟಕದ ತೀರದ ಸುಮಾರು ನಾಲ್ಕನೇ ಒಂದು ಭಾಗವೂ ಕೊರೆತಕ್ಕೆ ಒಳಗಾಗಿವೆ ಎಂದು ಕಂಡುಕೊಂಡಿದೆ. ಆದರೆ ಇಂಥ ಸರಾಸರಿ ನಿಮ್ಮ ಅಂಗಳದ ಕಥೆಯನ್ನು ಹೇಳುವುದಿಲ್ಲ. ಅಂಗಳದ ಕಥೆಯನ್ನು ಟೇಪೇ ಹೇಳಬೇಕು.

ಹಿಂದಿನವರು ಕಡಲಿಗೆ ಇಷ್ಟು ಹತ್ತಿರ ಏಕೆ ಕಟ್ಟಿದರು? ಅವರಿಗೆ ಅಪಾಯ ಗೊತ್ತಿರಲಿಲ್ಲವೇ?

ಗೊತ್ತಿತ್ತು ಎಂದೇ ಹೇಳಬೇಕಾಗುತ್ತದೆ. ಉಳ್ಳಾಲದ ಬಳಿ ಸೋಮೇಶ್ವರದ ಸೋಮನಾಥ ದೇವಸ್ಥಾನ ಬಂಡೆಗಳ ಆಸರೆಯಲ್ಲಿದೆ. ಮರವಂತೆಯ ಮಹಾರಾಜಸ್ವಾಮಿ ದೇವಸ್ಥಾನ ಕಡಲ ಕಡೆಗಲ್ಲ, ಸೌಪರ್ಣಿಕೆಯ ಕಡೆಗೆ ಕುಳಿತಿದೆ. ಶಾಶ್ವತವಾದ ಕಲ್ಲಿನ ಗರ್ಭಗುಡಿಗೆ ಗಟ್ಟಿ ನೆಲವನ್ನೋ ಹಿಂದಿನ ನೆಲವನ್ನೋ ಆರಿಸಿದ ಉದಾಹರಣೆಗಳು ಇವು. ಬರೀ ಮರಳಿನ ಮೇಲಿದ್ದ, ಕಡಲ ದೈವ ಬೊಬ್ಬರ್ಯನ ಗುಡಿ, ಭಜನೆಯ ಚಪ್ಪರ ಮೊದಲಾದವು ಹಗುರವಾಗಿದ್ದವು. ಅಗತ್ಯ ಬಿದ್ದರೆ ಹಿಂದಕ್ಕೆ ಸರಿಸಿ ಕಟ್ಟಲು ಹೆಚ್ಚು ಖರ್ಚಿರಲಿಲ್ಲ, ಹಿಂದೆ ಜಾಗವೂ ಇತ್ತು. ಈಗ ಹಿಂದೆ ರಸ್ತೆ, ಮನೆ, ರೆಸಾರ್ಟುಗಳಿವೆ. ಮುಂದೆ ಚಪ್ಪರದ ಬದಲು ಎರಡು ಅಂತಸ್ತಿನ ಕಾಂಕ್ರೀಟ್ ಸಭಾಭವನವಿದೆ. ಹಲವು ಕಡೆ ಕಡಲು ಮೊದಲು ಮುಟ್ಟಿರುವುದು ಹಳೆಯ ಗುಡಿಯನ್ನಲ್ಲ, ಈಚಿನ ದಶಕಗಳಲ್ಲಿ ಅದರ ಮುಂದೆ ಚಾಚಿಕೊಂಡ ಭಾಗವನ್ನು.

ಇದಕ್ಕೆಲ್ಲ ಹವಾಮಾನ ಬದಲಾವಣೆಯೇ ಕಾರಣವೇ?

ಅದೂ ಒಂದು ಕಾರಣ, ಆದರೆ ನಿಮ್ಮ ದಡದಲ್ಲಿ ಅದೇ ಮೊದಲನೆಯದಾಗಿರಬೇಕೆಂದಿಲ್ಲ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್‌ನಂತೆ ಏರಿದೆ ಎಂದು ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಇಪ್ಪತ್ತೈದು ವರ್ಷಗಳಲ್ಲಿ ಇದು ಎಂಟು ಸೆಂಟಿಮೀಟರ್‌ನಷ್ಟಾಗುತ್ತದೆ. ನದಿ ಬದಿಯ ತಗ್ಗಿನ ಅಂಗಳಕ್ಕೆ ಎಂಟು ಸೆಂಟಿಮೀಟರ್ ದೊಡ್ಡ ಮೊತ್ತವೇ. ಆದರೆ ಒಂದೇ ಮಳೆಗಾಲದಲ್ಲಿ ಹತ್ತು ಮೀಟರ್ ದಡ ಹೋಗುವುದನ್ನು ಅದೊಂದೇ ವಿವರಿಸಲಾರದು.

ಅಲ್ಲಿ ಮರಳಿನ ಲೆಕ್ಕವನ್ನು ನೋಡಬೇಕು. ದಡದ ಮರಳು ನದಿಗಳಿಂದ ಬರುತ್ತದೆ, ಅಲೆಗಳ ಓರೆ ಹೊಡೆತಕ್ಕೆ ಸಿಕ್ಕು ತೀರದುದ್ದಕ್ಕೂ ಸಾಗುತ್ತದೆ. ನದಿಯಲ್ಲಿ ಅಣೆಕಟ್ಟು ಕಟ್ಟಿದರೆ, ಮರಳು ತೆಗೆದರೆ ಆ ಪೂರೈಕೆ ಕುಗ್ಗುತ್ತದೆ. ಬಂದರಿಗಾಗಿ ಕಡಲೊಳಗೆ ಅಲೆ ತಡೆಯುವ ಕಲ್ಲಿನ ದಂಡೆ, ಅಂದರೆ ಬ್ರೇಕ್‌ವಾಟರ್ ಚಾಚಿದರೆ ಒಂದು ಬದಿಯಲ್ಲಿ ಮರಳು ತುಂಬಿ ಇನ್ನೊಂದು ಬದಿ ಬರಿದಾಗುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಬಾಗಿಲಿನ ಉತ್ತರಕ್ಕೆ ಬೆಂಗ್ರೆಯಲ್ಲಿ ಮರಳು ಕೂಡಿ, ದಕ್ಷಿಣಕ್ಕೆ ಉಳ್ಳಾಲದಲ್ಲಿ ಕೊರೆತ ಹೆಚ್ಚಿದ್ದು ಇದೇ ಲೆಕ್ಕಕ್ಕೆ ಸೇರುತ್ತದೆ. ಅಳಿವೆಗಳು ಸ್ವಭಾವತಃ ಚಂಚಲ. ಶಾಂಭವಿ ಮತ್ತು ನಂದಿನಿ ಕಡಲು ಸೇರುವ ಸಸಿಹಿತ್ಲಿನಲ್ಲಿ ಮರಳಿನ ತುದಿ ಒಂದು ಕಾಲಕ್ಕೆ ಬೆಳೆದು ಇನ್ನೊಂದು ಕಾಲಕ್ಕೆ ಕರಗುವುದನ್ನು ಅಲ್ಲಿನವರು ಕಂಡೇ ಇದ್ದಾರೆ. ಇವುಗಳ ಮೇಲೆ ಚಂಡಮಾರುತ ಬೇರೆ: 2017ರ ಒಖಿ, 2021ರ ತೌಕ್ತೆ ಎರಡೂ ನಮ್ಮ ದಡವನ್ನು ಹತ್ತದೆ, ದೂರದಿಂದಲೇ ಹಾದುಹೋಗಿ ಇಷ್ಟು ಹಾನಿ ಮಾಡಿದವು.

ಕೊರೆತವೂ ಭರತದ ನೆರೆಯೂ ಒಂದೇ ಅಲ್ಲವೇ?

ಎರಡಕ್ಕೂ ಮದ್ದು ಬೇರೆ. ಕೊರೆತದಲ್ಲಿ ಅಡಿಯ ನೆಲವೇ ಹೋಗುತ್ತದೆ. ಭರತದ ನೆರೆಯಲ್ಲಿ ನೆಲ ಹಾಗೆಯೇ ಇದ್ದು ನೀರು ಮಾತ್ರ ಏರಿ ಇಳಿಯುತ್ತದೆ. ಸ್ವರ್ಣಾ ಮತ್ತು ಸೀತಾ ನದಿಗಳ ಅಳಿವೆಯ ಕೋಡಿಬೆಂಗ್ರೆ, ಉದ್ಯಾವರ ಹೊಳೆಯ ಬದಿಯ ಪಿತ್ರೋಡಿ, ಮಟ್ಟು ಮೊದಲಾದ ಕಡೆ ಒಂದು ಮಗ್ಗುಲಲ್ಲಿ ಕೊರೆತ, ಇನ್ನೊಂದು ಮಗ್ಗುಲಲ್ಲಿ ಹೊಳೆಯ ಉಪ್ಪುನೀರು ಎರಡನ್ನೂ ಎದುರಿಸಬೇಕಾಗುತ್ತದೆ. ಮಂಗಳೂರಿನ ಬಳಿ ಅಮಾವಾಸ್ಯೆ, ಹುಣ್ಣಿಮೆಗಳ ಭರತಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. ಆ ಭರತದ ಹೊತ್ತಿಗೇ ಘಟ್ಟದ ಮಳೆನೀರು ನದಿಯಲ್ಲಿ ಇಳಿದು ಬಂದರೆ ಹೊರಹೋಗಲು ದಾರಿಯಿಲ್ಲದೆ ಅಂಗಳಕ್ಕೆ ನುಗ್ಗುತ್ತದೆ.

ಇಂಥ ಕಡೆ ನೀರು ಗೋಡೆ ಹತ್ತಿ ಬರುವುದು ಅಪರೂಪ. ನಾವೇ ಕಟ್ಟಿದ ಚರಂಡಿಯಲ್ಲಿ ಹಿಮ್ಮುಖವಾಗಿ ಬರುತ್ತದೆ. ವೆನಿಸ್‌ನ ಸಂತ ಮಾರ್ಕರ ಇಗರ್ಜಿಯಲ್ಲಿ ಇದೇ ಸಮಸ್ಯೆ ಇತ್ತು. ನಗರದ ಅತಿ ತಗ್ಗಿನ ಭಾಗದಲ್ಲಿರುವ ಅದರ ಮುಖಮಂಟಪಕ್ಕೆ ಹಳೆಯ ನೆಲದಡಿಯ ಕಾಲುವೆಗಳ ಮೂಲಕ ಭರತದ ನೀರು ಉಕ್ಕುತ್ತಿತ್ತು. ಕಾಲುವೆಗಳಿಗೆ ಕವಾಟ ಕೂರಿಸಿದ್ದು ಮೊದಲ ಹೆಜ್ಜೆ. 2019ರ ನವೆಂಬರ್‌ನಲ್ಲಿ ನೀರು 187 ಸೆಂಟಿಮೀಟರ್ ಮಟ್ಟಕ್ಕೇರಿದ ಮೇಲೆ, 2022ರಲ್ಲಿ ಕಟ್ಟಡದ ಸುತ್ತ ಗಾಜಿನ ತಡೆಯನ್ನೂ ನಿಲ್ಲಿಸಿದರು. ನಗರವನ್ನೇ ಕಾಯುವ ದೊಡ್ಡ ಕಡಲಬಾಗಿಲುಗಳು 2020ರಿಂದ ಕೆಲಸ ಮಾಡುತ್ತಿದ್ದರೂ ಸಣ್ಣ ಭರತಗಳಿಗೆ ಅವನ್ನು ಮುಚ್ಚುವುದಿಲ್ಲವಾದ್ದರಿಂದ ಈ ಒಳತಡೆ ಬೇಕಾಯಿತು. ನಮ್ಮ ಹೊಳೆಬದಿಯ ಗುಡಿಗಳಿಗೆ ಗಾಜಿನ ಗೋಡೆ ಬೇಡ. ಹೊರಹೋಗುವ ಪ್ರತಿ ಕೊಳವೆಯ ತುದಿಗೂ ಒಂದೇ ದಿಕ್ಕಿಗೆ ತೆರೆಯುವ ಕವಾಟವಿರಲಿ, ಅದರಲ್ಲಿ ಕಸ ಸಿಕ್ಕಿಕೊಂಡಿದೆಯೇ ಎಂದು ನೋಡುವ ಒಬ್ಬ ವ್ಯಕ್ತಿಯಿರಲಿ. ಗರ್ಭಗುಡಿಯ ಅಭಿಷೇಕದ ನೀರು ಹೊರಬರುವ ದಾರಿ ಅಂಗಳದ ಚರಂಡಿಗೆ ಸೇರಿದ್ದರೆ ಅದನ್ನೂ ಮರೆಯಬಾರದು.

ಸರಕಾರದಿಂದ ಕಲ್ಲು ಹಾಕಿಸಿದರೆ ಸಾಕಲ್ಲವೇ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿದೆ.

ಕಟ್ಟಡದ ಬುಡಕ್ಕೇ ಅಲೆ ಬಡಿಯುತ್ತಿದ್ದು, ಹಿಂದೆ ಸರಿಯಲು ಜಾಗವೇ ಇಲ್ಲದಿದ್ದರೆ ಕಲ್ಲಿನ ತಡೆಗೋಡೆ ಅನಿವಾರ್ಯವಾಗಬಹುದು. ಆದರೆ ಗೋಡೆ ಉಳಿಸುವುದು ತನ್ನ ಹಿಂದಿನ ನೆಲವನ್ನು ಮಾತ್ರ. ಮುಂದಿನ ಮರಳನ್ನು ಅದು ಉಳಿಸುವುದಿಲ್ಲ. ಇಳಿಜಾರಾದ ಮರಳಿನ ದಡದಲ್ಲಿ ಅಲೆ ಓಡಿ ಬಂದು ದಣಿಯುತ್ತದೆ. ಗೋಡೆಗೆ ಬಡಿದ ಅಲೆ ತನ್ನ ಬಲದ ಒಂದು ಪಾಲನ್ನು ಇಟ್ಟುಕೊಂಡೇ ಹಿಂದಿರುಗಿ ಬುಡದ ಮರಳನ್ನು ಕೆದಕುತ್ತದೆ. ಕಾಲಕ್ರಮೇಣ ಗೋಡೆಯ ಮುಂದೆ ನಡೆದಾಡುವಷ್ಟೂ ದಡ ಉಳಿಯುವುದಿಲ್ಲ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಇನ್ನೂ ತೀವ್ರವಾಗುತ್ತದೆ. ಗುಡಿ ಉಳಿದು ಪಕ್ಕದ ಮನೆಗಳು ಹೋದರೆ ಆ ಗುಡಿಯ ಸಮಿತಿ ಊರಿಗೆ ಏನು ಹೇಳಬೇಕು ಎಂಬುದನ್ನು ಅರ್ಜಿ ಬರೆಯುವ ಮೊದಲೇ ಯೋಚಿಸುವುದು ಒಳ್ಳೆಯದು.

ಹಾಕಿದ ಕಲ್ಲುಗಳು ಎರಡು ಮಳೆಗಾಲಕ್ಕೇ ಮರಳಿನಲ್ಲಿ ಹೂತುಹೋಗಲು ಸಾಮಾನ್ಯ ಕಾರಣ ಕಲ್ಲು ಸಣ್ಣದಾಗಿದ್ದುದು ಮಾತ್ರವಲ್ಲ, ಅಡಿಯಲ್ಲಿ ಸೋಸುಪದರ ಇಲ್ಲದಿದ್ದುದು. ಅಲೆ ಹಿಂದಿರುಗುವಾಗ ಕಲ್ಲುಗಳ ಸಂದಿಯಿಂದ ಮರಳನ್ನು ಹೀರಿಕೊಳ್ಳುತ್ತದೆ. ಮೇಲಿನ ಬಂಡೆ ಆ ಪೊಳ್ಳಿಗೆ ಕುಸಿಯುತ್ತದೆ. ಆದ್ದರಿಂದ ಕೆಲಸ ನಡೆಯುವಾಗ ಸಮಿತಿಯವರು ಖುದ್ದಾಗಿ ನಿಂತು ನೋಡಬೇಕಾದ್ದು ಮೂರು. ಮರಳಿನ ಮೇಲೆ ನೀರನ್ನು ಬಿಟ್ಟು ಮರಳನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹರಿಯದಂತೆ ಹಾಸಿದ್ದಾರೆಯೇ, ಅದರ ಮೇಲೆ ಸಣ್ಣ ಕಲ್ಲಿನ ಪದರ ಹಾಕಿ ಆಮೇಲೆ ದೊಡ್ಡ ಬಂಡೆ ಇಟ್ಟಿದ್ದಾರೆಯೇ, ಗೋಡೆಯ ಬುಡವನ್ನು ಮಳೆಗಾಲದಲ್ಲಿ ಮರಳು ಇಳಿಯುವ ಮಟ್ಟಕ್ಕಿಂತ ಕೆಳಗೆ ತೆಗೆದುಕೊಂಡು ಹೋಗಿದ್ದಾರೆಯೇ. ಟಿಪ್ಪರಿನಿಂದ ಸುರಿದು ಹೋದ ಕಲ್ಲಿನ ರಾಶಿಯನ್ನು ತಡೆಗೋಡೆ ಎಂದು ಒಪ್ಪಿ ಸಹಿ ಹಾಕಬಾರದು.

ಇನ್ನೊಂದು ವಿಷಯವಿದೆ. ಉತ್ಸವದ ಕೊನೆಯ ಸ್ನಾನವಾದ ಅವಭೃತಕ್ಕೆ ದೇವರು ಕಡಲಿಗೆ ಇಳಿಯಬೇಕು, ಅಮಾವಾಸ್ಯೆಯಂದು ತರ್ಪಣ ಕೊಡುವವರು ಇಳಿಯಬೇಕು, ನೂಲ ಹುಣ್ಣಿಮೆಯಂದು ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಬೇಕು, ನಾಡದೋಣಿಗಳನ್ನು ಎಳೆಯಬೇಕು. ನೇರವಾದ ಕಂಡಿ ಬಿಟ್ಟರೆ ಅಲೆಯೂ ಅದೇ ದಾರಿಯಲ್ಲಿ ಒಳನುಗ್ಗುತ್ತದೆ. ಗೋಡೆಯ ಎರಡು ತುಂಡುಗಳು ಒಂದರ ಹಿಂದೆ ಒಂದು ಸ್ವಲ್ಪ ಒತ್ತಿ ನಿಲ್ಲುವಂತೆ ಮಾಡಿ, ನಡುವಿನಿಂದ ಓರೆಯಾಗಿ ಇಳಿಯುವ ದಾರಿ ಕೊಡಲು ನಕ್ಷೆಯ ಹಂತದಲ್ಲೇ ಕೇಳಬೇಕು. ಬಂಡೆ ಬಿದ್ದ ಮೇಲೆ ಅದರ ಮೇಲೆ ಕಾಂಕ್ರೀಟ್ ಮೆಟ್ಟಿಲು ಕಟ್ಟಿಕೊಂಡರೆ ಅದು ಮೊದಲ ಮಳೆಗಾಲದಲ್ಲೇ ಬಿರಿಯುತ್ತದೆ.

ಗೋಡೆಯ ಬದಲು ಬೇರೆ ಏನಿದೆ?

ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಡಿ ಅಲೆಯ ಬಲವನ್ನು ದೂರದಲ್ಲೇ ಕುಗ್ಗಿಸುವ ನೀರೊಳಗಿನ ರೀಫ್‌ಗಳನ್ನು ನಿರ್ಮಿಸಲಾಯಿತು. ಮರವಂತೆಯಲ್ಲಿ ಟಿ ಆಕಾರದ ಗ್ರೋಯಿನ್‌ಗಳು, ಅಂದರೆ ಮರಳನ್ನು ಹಿಡಿದಿಡಲು ದಡದಿಂದ ಕಡಲೊಳಗೆ ಚಾಚಿದ ಕಲ್ಲಿನ ಕಟ್ಟೆಗಳಿವೆ. ಇವೆಲ್ಲ ಕಿಲೋಮೀಟರ್‌ಗಟ್ಟಲೆ ತೀರವನ್ನು ಒಟ್ಟಾಗಿ ನೋಡಿ ಮಾಡುವ ಕೆಲಸಗಳು. ಒಂದು ಗುಡಿಗಾಗಿ ಒಂದು ಗ್ರೋಯಿನ್ ಕೇಳುವುದು ಪಕ್ಕದ ಊರಿನ ಮರಳನ್ನು ಕೇಳಿದಂತೆಯೇ. ಮರಳು ತುಂಬಿದ ಜಿಯೋಚೀಲಗಳು ಒಂದೆರಡು ಮಳೆಗಾಲದ ತುರ್ತಿಗೆ ಒದಗುತ್ತವೆ. ಆ ಮರಳನ್ನು ಅದೇ ದಡದಿಂದ ಅಗೆದು ತುಂಬಿಸಿದರೆ ಪ್ರಯೋಜನವಿಲ್ಲ.

ಗಾಳಿಮರ ನೆಟ್ಟರೆ?

ಅಲೆ ಬುಡಕ್ಕೆ ತಲುಪುವಲ್ಲಿ ಯಾವ ಮರವೂ ನಿಲ್ಲುವುದಿಲ್ಲ, ಗಾಳಿಮರವಂತೂ ಬೇರು ಮೇಲಾಗಿ ಬೇಗ ಬೀಳುತ್ತದೆ. ಮರಳಿನ ದಿಬ್ಬವನ್ನು ಕಟ್ಟಿಕೊಡುವುದು ನೆಲಕ್ಕೆ ಹಬ್ಬುವ ಬಂಗಡೆ ಬಳ್ಳಿ, ರಾವಣನ ಮೀಸೆ, ಅವುಗಳ ಹಿಂದೆ ಕೇದಗೆಯ ಪೊದೆ. ಇವನ್ನು ಕಸವೆಂದು ಕಿತ್ತು ಇಂಟರ್‌ಲಾಕ್ (ಸಿಮೆಂಟ್ ಇಟ್ಟಿಗೆ) ಹಾಸುವುದು ಅತಿ ಸಾಮಾನ್ಯವಾದ ತಪ್ಪು. ಹೊಳೆಯ ಬದಿಯಲ್ಲಾದರೆ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಯಲು ಬಿಡಬೇಕು. ನಾಗಬನಗಳಲ್ಲಿ ಗಿಡಬಳ್ಳಿಗೆ ಕತ್ತಿ ಹಾಕಬಾರದೆಂಬ ಕಟ್ಟುಪಾಡು ಉಳಿದಿರುವ ಕಡೆ ನೆಲವೂ ಹೆಚ್ಚು ಗಟ್ಟಿಯಾಗಿದೆ. ಬನವನ್ನು ಕಡಿದು ಗ್ರಾನೈಟ್ ಕಟ್ಟೆ ಕಟ್ಟಿಸಿದವರು ಇದನ್ನು ಯೋಚಿಸಬೇಕಿತ್ತು.

ಗೋಡೆಯಿಂದ ಬಿಳಿ ಪುಡಿ ಉದುರುತ್ತಿದೆ. ಪ್ರತಿ ವರ್ಷ ಬಣ್ಣ ಹೊಡೆದರೂ ನಿಲ್ಲುವುದಿಲ್ಲ. ಏನು ಮಾಡಬೇಕು?

ಅದು ಉಪ್ಪು. ಮುರಕಲ್ಲು (ಜಂಬಿಟ್ಟಿಗೆ) ತೂತುತೂತಾದ ಕಲ್ಲು. ಅಡಿಪಾಯದಿಂದ ಉಪ್ಪುನೀರನ್ನು ಮೇಲಕ್ಕೆ ಹೀರುತ್ತದೆ. ನೀರು ಆರಿದಾಗ ಉಪ್ಪು ತೂತುಗಳೊಳಗೆ ಹರಳುಗಟ್ಟಿ ಹಿಗ್ಗಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಮಳೆಗಾಲದಲ್ಲಿ ಕರಗಿ ಬೇಸಿಗೆಯಲ್ಲಿ ಮತ್ತೆ ಹರಳಾಗುವುದರಿಂದ ಈ ಒಡೆತ ವರ್ಷವರ್ಷವೂ ನಡೆಯುತ್ತದೆ. ಪೌಳಿಯ ಹೊರಗೋಡೆಯನ್ನು ಹತ್ತಿರದಿಂದ ನೋಡಿದರೆ ನೆಲದಿಂದ ಮೊಣಕಾಲಿನವರೆಗೆ ಒದ್ದೆಯ ಕಪ್ಪು ಪಟ್ಟಿ, ಅದರ ಮೇಲೆ ಸೊಂಟದ ಮಟ್ಟದಲ್ಲಿ ಬಣ್ಣ ಉಬ್ಬಿ ಸಿಪ್ಪೆಯಂತೆ ಎದ್ದ ಪಟ್ಟಿ ಕಾಣಿಸುತ್ತದೆ. ಆ ಸಿಪ್ಪೆಯನ್ನು ಬೀಗದ ಕೈಯಿಂದ ಎತ್ತಿದರೆ ಒಳಗಿನ ಕಲ್ಲು ಕೆಂಪು ಹುಡಿಯಾಗಿ ಅಂಗೈಗೆ ಸುರಿಯುತ್ತದೆ. ಸಿಮೆಂಟ್ ಸಾರಣೆ ಮಾತ್ರ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಸಾರಣೆ ಹಾಳಾಗಿಲ್ಲ, ಅದರ ಹಿಂದಿನ ಗೋಡೆ ಹಾಳಾಗುತ್ತಿದೆ ಎಂಬುದು ಆಗ ತಿಳಿಯುತ್ತದೆ.

ಹೀಗಾಗಲು ಬಹುತೇಕ ಆ ಸಿಮೆಂಟ್ ಸಾರಣೆಯೇ ಕಾರಣ. ಹಳೆಯ ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತಿತ್ತು. ಉಪ್ಪು ಗಾರೆಯ ಮೇಲ್ಮೈಯಲ್ಲಿ ಹೊರಬಂದು ಗಾರೆ ಉದುರುತ್ತಿತ್ತು, ಕೆಲವು ವರ್ಷಕ್ಕೊಮ್ಮೆ ಹೊಸ ಸಾರಣೆ ಮಾಡುತ್ತಿದ್ದರು. ಹಾಳಾಗಲೆಂದೇ ಇದ್ದ ಪದರ ಅದು. ಸಿಮೆಂಟ್, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಶನ್ ಅಥವಾ ಗ್ರಾನೈಟ್ ಹೊದಿಕೆ ಹಾಕಿದಾಗ ತೇವಕ್ಕೆ ದಾರಿ ಮುಚ್ಚಿ, ಉಪ್ಪು ಕಲ್ಲಿನೊಳಗೇ ಹರಳುಗಟ್ಟುತ್ತದೆ, ತೇವ ಇನ್ನೂ ಎತ್ತರಕ್ಕೆ ಏರುತ್ತದೆ. ಆದ್ದರಿಂದ ಕೆಳಗಿನ ಐದಾರು ಅಡಿಯಾದರೂ ಸಿಮೆಂಟನ್ನು ಎಚ್ಚರದಿಂದ ತೆಗೆಯಿಸಿ, ಗೋಡೆಯನ್ನು ಒಂದು ಬೇಸಿಗೆ ಬತ್ತಲೆ ಬಿಟ್ಟು, ಒದ್ದೆ ಮಾಡಿದ ಕಾಗದದ ತಿರುಳನ್ನೋ ಜೇಡಿಯನ್ನೋ ಮೆತ್ತಿ ಒಣಗಿದ ಮೇಲೆ ತೆಗೆಯುತ್ತಾ ಉಪ್ಪನ್ನು ಹೊರಗೆಳೆದು, ಆಮೇಲೆ ಸುಣ್ಣದ ಗಾರೆ ಮಾಡಿಸಬೇಕು. ಇದು ನಿಧಾನದ ಕೆಲಸ. ಜೀರ್ಣೋದ್ಧಾರದ ಕೊನೆಯಲ್ಲಿ ನಡೆಯುವ ಬ್ರಹ್ಮಕಲಶಕ್ಕೆ ದಿನ ನಿಗದಿಯಾದ ಮೇಲೆ ಹೊರಟರೆ ಆಗದು. ತೊಳೆಯುವಾಗ ಸಿಹಿನೀರನ್ನೇ ಬಳಸಬೇಕು. ಬಾವಿಯ ಸವುಳು ನೀರಿನಲ್ಲಿ ಪೈಪು ಹಿಡಿದು ಗೋಡೆ ತೊಳೆದರೆ ಉಪ್ಪನ್ನು ಮತ್ತೆ ತುಂಬಿದಂತಾಗುತ್ತದೆ. ಗೋಡೆಯ ಬುಡಕ್ಕೆ ತಾಗಿ ಹಾಸಿದ ಇಂಟರ್‌ಲಾಕನ್ನು ಮೂರು ಅಡಿ ಅಗಲಕ್ಕೆ ಕಿತ್ತು ಜಲ್ಲಿ ತುಂಬಿಸಿದರೆ ನೆಲದ ತೇವಕ್ಕೆ ಬೇರೆ ದಾರಿ ಸಿಗುತ್ತದೆ.

ಹೊಸ ಕಾಂಕ್ರೀಟ್ ಕೆಲಸಕ್ಕೆ ಏನು ಗಮನಿಸಬೇಕು?

ಭಾರತೀಯ ಮಾನಕ 456 ಕಡಲ ಸಿಂಪರಣೆಗೆ ಒಡ್ಡಿದ ಕಬ್ಬಿಣ ಹಾಕಿದ ಕಾಂಕ್ರೀಟನ್ನು ಅತಿ ತೀವ್ರ ಪರಿಸರವೆಂದು ಪರಿಗಣಿಸಿ ಕನಿಷ್ಠ ಎಂ 35 ದರ್ಜೆ, ಕಂಬಿಯ ಮೇಲೆ ಕನಿಷ್ಠ 50 ಮಿಲಿಮೀಟರ್ ಹೊದಿಕೆ, 0.45ಕ್ಕಿಂತ ಹೆಚ್ಚಿಲ್ಲದ ನೀರು-ಸಿಮೆಂಟ್ ಪ್ರಮಾಣವನ್ನು ಕೇಳುತ್ತದೆ. ಭರತದ ನೀರು ಏರಿಳಿಯುವ ಭಾಗಕ್ಕೆ ಇನ್ನೂ ಹೆಚ್ಚು. ಊರಿನ ಮೇಸ್ತ್ರಿಗಳು ಮನೆಯ ಚಾವಣಿಗೆ ಮಾಡುವ ಕಾಂಕ್ರೀಟಿನಲ್ಲಿ ಸಭಾಭವನ ಕಟ್ಟಿದರೆ ಹತ್ತು ಹದಿನೈದು ವರ್ಷಕ್ಕೆ ತೊಲೆಯ ಕೆಳಗೆ ಕಂಬಿ ತುಕ್ಕು ಹಿಡಿದು ಕಾಣಿಸಿಕೊಳ್ಳುತ್ತದೆ. ದಡದ ಮರಳನ್ನು ಕಲಸಲು ಬಳಸಲೇಬಾರದು. ಸಾಧ್ಯವಿರುವಲ್ಲಿ ಮರ ಮತ್ತು ಹೆಂಚಿನ ಮಾಡನ್ನೇ ಉಳಿಸಿಕೊಳ್ಳಿ. ಅದಕ್ಕೆ ತುಕ್ಕಿಲ್ಲ, ಬೇಕಾದರೆ ಬಿಚ್ಚಬಹುದು.

ತೀರ್ಥಬಾವಿಯ ನೀರು ಸವುಳಾಗಿದೆ. ಮತ್ತೆ ಸಿಹಿಯಾಗುವುದೇ?

ಆಗಬಹುದು. ಮರಳಿನ ನೆಲದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಅದರಡಿಯಲ್ಲಿ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆಂಬುದು ಭೂಜಲ ಶಾಸ್ತ್ರದ ಹಳೆಯ ಲೆಕ್ಕ. ಅದನ್ನೇ ತಿರುಗಿಸಿ ನೋಡಿದರೆ, ಪಂಪು ಹಾಕಿ ಮೇಲಿನ ಒಂದು ಅಡಿ ಎಳೆದಾಗ ಕೆಳಗಿನಿಂದ ಉಪ್ಪುನೀರು ಎಷ್ಟು ಮೇಲೆ ಬರುತ್ತದೆಂದು ತಿಳಿಯುತ್ತದೆ. ತೀರ್ಥಬಾವಿಗೆ ಪಂಪು ಬೇಡ. ಕೊಡದಲ್ಲಿ ಸೇದುವ ಕ್ರಮವನ್ನೇ ಉಳಿಸಿ, ಅನ್ನದಾನದ ಅಡುಗೆಗೂ ಕೈಕಾಲು ತೊಳೆಯಲಿಕ್ಕೂ ಪಂಚಾಯತಿನ ನಳ್ಳಿನೀರನ್ನು ಬಳಸಿ. ಮಾಡಿನ ಮಳೆನೀರನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಕಡಲಿನ ಅಲೆಯೇ ಬಾವಿಯೊಳಗೆ ಬೀಳುವಂತಿದ್ದರೆ ಮೊದಲು ಕಟ್ಟೆಯನ್ನು ಎತ್ತರಿಸಬೇಕು.

ಇರುವಲ್ಲಿಯೇ ಕಟ್ಟಡವನ್ನು ಎತ್ತರಿಸಬಹುದೇ?

ನೆರೆ ಮಾತ್ರ ಇರುವಲ್ಲಿ ಎತ್ತರಿಸಬಹುದು. ಕೊರೆತವಿದ್ದರೆ ಎತ್ತರದ ಕಟ್ಟಡವೂ ಬೀಳುತ್ತದೆ. ಜಾಕಿ ಕೊಟ್ಟು ಮನೆ ಎತ್ತುವವರು ಈಗ ನಮ್ಮಲ್ಲೂ ಸಿಗುತ್ತಾರೆ, ಆದರೆ ಸಡಿಲ ಮುರಕಲ್ಲಿನ ಗೋಡೆ ಆ ಎತ್ತುವಿಕೆಯನ್ನು ತಡೆಯುವುದು ಕಷ್ಟ. ಸುತ್ತಲಿನ ಅಂಗಳಕ್ಕೆ ಮಣ್ಣು ತುಂಬಿ ಎತ್ತರಿಸುವುದು ಇನ್ನೂ ಕೆಟ್ಟದ್ದು. ಗರ್ಭಗುಡಿ ತಗ್ಗಿನಲ್ಲಿ ಉಳಿದು ಅಂಗಳದ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಥಾಯ್ಲೆಂಡಿನ ಬ್ಯಾಂಕಾಕ್ ಬಳಿಯ ಖುನ್ ಸಮುತ್ ಚಿನ್ ಎಂಬಲ್ಲಿನ ಬೌದ್ಧ ದೇವಾಲಯದ ಸುತ್ತ ಈಗ ನೀರೇ ಇದೆ. ಒಳಗಿನ ನೆಲವನ್ನು ಎತ್ತರಿಸಿದ್ದರಿಂದ ಬಾಗಿಲು, ಕಿಟಕಿಗಳು ಗಿಡ್ಡವಾಗಿ ಕಾಣುತ್ತವೆ, ಪೂಜೆ ನಡೆಯುತ್ತಿದೆ. ಜಪಾನಿನ ಇತ್ಸುಕುಶಿಮಾ ದೇಗುಲವನ್ನಂತೂ ಭರತದ ನೀರಿನ ಮೇಲೆ ನಿಲ್ಲುವಂತೆಯೇ ಕಟ್ಟಲಾಗಿದೆ. ನೀರು ಕೆಳಗಿನಿಂದ ಒತ್ತಿದಾಗ ನೆಲ ಕಿತ್ತುಬರದಂತೆ ಹಲಗೆಗಳ ನಡುವೆ ಸಂದಿ ಬಿಟ್ಟಿದ್ದಾರೆ. ನಮ್ಮಲ್ಲಿ ಹೊಸದಾಗಿ ಕಟ್ಟುವ ಭಜನಾ ಮಂದಿರಕ್ಕೆ ಈ ಎರಡನೆಯ ಉಪಾಯ ಅನುಸರಿಸತಕ್ಕದ್ದು: ಕಂಬದ ಮೇಲೆ ನೆಲ, ಕೆಳಗೆ ನೀರಿಗೆ ದಾರಿ.

ಸ್ಥಳಾಂತರಿಸುವ ಮಾತೆತ್ತಿದರೆ ಊರಿನವರು ಒಪ್ಪುವುದಿಲ್ಲ. ಶಾಸ್ತ್ರ ಒಪ್ಪುತ್ತದೆಯೇ?

ತುಳುನಾಡಿನ ದೇವಸ್ಥಾನಗಳಲ್ಲಿ ಜೀರ್ಣೋದ್ಧಾರ ಹೊಸತಲ್ಲ. ತಂತ್ರಿಗಳ ನೇತೃತ್ವದಲ್ಲಿ ದೇವರ ಸಾನ್ನಿಧ್ಯವನ್ನು ತಾತ್ಕಾಲಿಕ ಗುಡಿಯಾದ ಬಾಲಾಲಯಕ್ಕೆ ಕರೆದೊಯ್ದು, ಹಳೆಯದನ್ನು ಕಳಚಿ, ಹೊಸದನ್ನು ಕಟ್ಟಿ, ಪುನಃಪ್ರತಿಷ್ಠೆ ಮತ್ತು ಬ್ರಹ್ಮಕಲಶ ಮಾಡುವ ಕ್ರಮ ಎಲ್ಲರಿಗೂ ಗೊತ್ತು. ಮೂಲಸ್ಥಾನವನ್ನೇ ಬಿಡುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಅದಕ್ಕೆ ಅಷ್ಟಮಂಗಲ ಪ್ರಶ್ನೆಯಿಟ್ಟು, ಅಂದರೆ ಜ್ಯೋತಿಷಿಗಳಿಂದ ದೇವರ ಚಿತ್ತವನ್ನು ಕೇಳಿ, ಅನುಜ್ಞೆ ಪಡೆಯುವ ದಾರಿಯಿದೆ. ಕೃಷ್ಣಾ ನದಿಯ ಶ್ರೀಶೈಲ ಜಲಾಶಯದಲ್ಲಿ ಮುಳುಗಬೇಕಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲು ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಲಾಯಿತು. ಈಜಿಪ್ಟಿನ ಅಬು ಸಿಂಬೆಲ್ ದೇಗುಲಗಳನ್ನು 1964ರಿಂದ 1968ರ ನಡುವೆ ಸುಮಾರು 65 ಮೀಟರ್ ಮೇಲಕ್ಕೆ ಒಯ್ಯಲಾಯಿತು. ಡೆನ್ಮಾರ್ಕಿನ ಮೋರುಪ್ ಇಗರ್ಜಿಯ ಸುತ್ತಲಿನ ಕಡಿದಾದ ದಡ ಕುಸಿಯುತ್ತಾ ಬಂದಾಗ, ಅದು ಕಡಲಿಗೆ ಬೀಳುವ ಮೊದಲೇ 2008ರಲ್ಲಿ ಬಿಚ್ಚಲು ಆರಂಭಿಸಿದರು.

ಮಸೀದಿಯ ವಿಷಯ ಬೇರೆ. ಒಮ್ಮೆ ಮಸೀದಿಯಾಗಿ ವಕ್ಫ್ ಆದ ನೆಲ ಎಂದಿಗೂ ಮಸೀದಿಯ ನೆಲವೇ ಎಂಬ ನಿಲುವು ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿ ಪಂಥದಲ್ಲಿ ಬಲವಾಗಿದೆ. ಆದ್ದರಿಂದ ಹಳೆಯದನ್ನು ಬಿಟ್ಟುಕೊಡದೆ, ಹಿಂದೆ ಇನ್ನೊಂದು ಮಸೀದಿ ಕಟ್ಟಿಕೊಳ್ಳುವ ಬಗ್ಗೆ ಖಾಝಿಯವರಲ್ಲಿ ಕೇಳುವುದು ಸರಿಯಾದ ಕ್ರಮ. ಕ್ಯಾಥೊಲಿಕ್ ಇಗರ್ಜಿಯಾದರೆ 1983ರ ಧರ್ಮಸಂಹಿತೆಯ 1222ನೇ ವಿಧಿಯಂತೆ ಬಿಷಪರು ಗುರುಗಳ ಮಂಡಳಿಯ ಅಭಿಪ್ರಾಯ ಪಡೆದು ತೀರ್ಮಾನಿಸುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು ಖಬರಸ್ತಾನ ಮತ್ತು ಸಿಮಿತ್ರಿ, ಅಂದರೆ ಮುಸ್ಲಿಮರ ಮತ್ತು ಕ್ರೈಸ್ತರ ಸ್ಮಶಾನಗಳು. ಅಲ್ಲಿ ಎಂಜಿನಿಯರರು ಮೊದಲು ಮಾತಾಡಬಾರದು, ಮನೆಯವರು ಮಾತಾಡಬೇಕು.

ಸಾಮಾನ್ಯವಾಗಿ ಸಮಿತಿಗಳು ಇದನ್ನು ಎಲ್ಲ ಇಲ್ಲವೇ ಏನೂ ಇಲ್ಲ ಎಂಬಂತೆ ನೋಡುತ್ತವೆ. ಹಾಗೆ ನೋಡಬೇಕಾಗಿಲ್ಲ. ಪಾಕಶಾಲೆ, ಭೋಜನಶಾಲೆ, ಕಚೇರಿ, ಶೌಚಾಲಯ, ಜನರೇಟರು ಇವುಗಳಿಗೆ ಯಾವ ಪ್ರಶ್ನೆಯನ್ನೂ ಇಡಬೇಕಾಗಿಲ್ಲ. ಅವು ರಸ್ತೆಯ ಆಚೆ ಹೋಗಲಿ. ದೈವಸ್ಥಾನಗಳಲ್ಲಿ ದೈವದ ಒಡವೆ, ಆಯುಧಗಳ ಭಂಡಾರವನ್ನು ಭಂಡಾರಮನೆಯಲ್ಲಿಟ್ಟು ನೇಮದ ದಿನ ಸ್ಥಾನಕ್ಕೆ ತರುವ ಪದ್ಧತಿ ಮೊದಲಿನಿಂದಲೂ ಇದೆ. ಬೆಲೆಬಾಳುವುದನ್ನೂ ಭಾರವಾದುದನ್ನೂ ಹಿಂದಿಟ್ಟು, ಕಡಲ ಬದಿಯಲ್ಲಿ ಸಣ್ಣ ಗುಡಿಯನ್ನು ಮಾತ್ರ ಉಳಿಸಿಕೊಳ್ಳುವ ವ್ಯವಸ್ಥೆಗೆ ಇದಕ್ಕಿಂತ ಬೇರೆ ಮಾದರಿ ಬೇಕಿಲ್ಲ. ಮುಂದಿನ ಭಾಗ ಖಾಲಿಯಾದರೆ ಮರಳಿಗೂ ಏರಿಳಿಯಲು ಜಾಗ ಸಿಗುತ್ತದೆ; ಗರ್ಭಗುಡಿಯ ಪ್ರಶ್ನೆ ಒಂದು ತಲೆಮಾರಿನಷ್ಟು ಮುಂದೆ ಹೋದರೂ ಹೋಗಬಹುದು.

ಯಾವ ಅನುಮತಿಗಳು ಬೇಕು?

ಭರತದ ಅತಿ ಮೇಲಿನ ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಅನ್ವಯಿಸುತ್ತದೆ. ಈ ನಿಯಮಗಳು 1991ರಲ್ಲಿ ಬಂದವು. ಈಗಿರುವುದು 2019ರ ಅಧಿಸೂಚನೆ. ಗ್ರಾಮೀಣ ತೀರದಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ 50 ಮೀಟರ್, ಉಳಿದ ಕಡೆ 200 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯ. ಅದರೊಳಗೆ ಅಧಿಕೃತವಾಗಿ ಇರುವ ಕಟ್ಟಡವನ್ನು ಇದ್ದಷ್ಟೇ ಅಡಿಪಾಯದ ಅಳತೆಯಲ್ಲಿ ದುರಸ್ತಿ ಮಾಡಬಹುದು, ಮರುನಿರ್ಮಿಸಬಹುದು, ಹಿಗ್ಗಿಸುವಂತಿಲ್ಲ. ಆದ್ದರಿಂದ ಹಳೆಯ ಕಟ್ಟಡದ ಅಳತೆಯ ನಕ್ಷೆ, ತೆರಿಗೆ ರಸೀದಿ, ಹಳೆಯ ಫೋಟೊಗಳನ್ನು ಕಟ್ಟಡ ಕುಸಿಯುವ ಮೊದಲೇ ಜೋಡಿಸಿಡಬೇಕು. ಮರಳಿನ ದಿಬ್ಬವನ್ನು ಸಮತಟ್ಟು ಮಾಡುವುದು ನಿಷಿದ್ಧ, ಅದು ರಥಬೀದಿಗಾಗಿದ್ದರೂ. ತಡೆಗೋಡೆಯನ್ನು ಸಮಿತಿ ತಾನೇ ಕಟ್ಟಿಸುವಂತಿಲ್ಲ. ಧಾರ್ಮಿಕ ದತ್ತಿ ಇಲಾಖೆಯ ಅಧೀನದ ದೇವಸ್ಥಾನವಾದರೆ ಇಲಾಖೆಯ, ವಕ್ಫ್ ಆಸ್ತಿಯಾದರೆ ಮಂಡಳಿಯ ಒಪ್ಪಿಗೆಯೂ ಬೇಕು.

ಹಣ ಎಲ್ಲಿಂದ?

ತೀರ ರಕ್ಷಣೆಯ ಕಾಮಗಾರಿಗಳು ಬಂದರು ಇಲಾಖೆ ಮತ್ತು ಕರ್ನಾಟಕ ಜಲಸಾರಿಗೆ ಮಂಡಳಿಯ ಮೂಲಕ ನಡೆಯುತ್ತವೆ. ಮನವಿಯನ್ನು ಒಂದು ಗುಡಿಯ ಹೆಸರಿನಲ್ಲಿ ಕೊಡುವುದಕ್ಕಿಂತ ಮಂದಿರ, ಮಸೀದಿ, ಮನೆಗಳವರೆಲ್ಲ ಸೇರಿ ಇಡೀ ಊರಿನ ತೀರದ ಹೆಸರಿನಲ್ಲಿ ಕೊಟ್ಟರೆ ತೂಕ ಹೆಚ್ಚು. ಕಟ್ಟಡದೊಳಗಿನ ಕೆಲಸಕ್ಕೆ ಭಕ್ತರ ಹಣವೇ ಗತಿ. ಬ್ರಹ್ಮಕಲಶಕ್ಕೆ ಕೋಟಿಗಳು ಕೂಡುವ ನಮ್ಮ ಊರುಗಳಲ್ಲಿ ಚರಂಡಿಯ ಕವಾಟಕ್ಕೆ, ಸುಣ್ಣದ ಗಾರೆಗೆ ದಾನಿಗಳು ಸಿಗುವುದಿಲ್ಲ. ಅವುಗಳ ಮೇಲೆ ಹೆಸರು ಕೆತ್ತಿಸಲು ಜಾಗವಿಲ್ಲ.

ಮಳೆಗಾಲದ ದಿನಗಳಲ್ಲಿ ಏನು ಸಿದ್ಧತೆ ಇರಬೇಕು?

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇಂಕೋಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿ ಗಾಳಿ, ಮಳೆ ಏನೂ ಇಲ್ಲದ ಏಪ್ರಿಲ್, ಮೇ ತಿಂಗಳಲ್ಲೂ ದಡಕ್ಕೆ ನುಗ್ಗುವುದುಂಟು. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಅದು ಉತ್ಸವ, ನೇಮಗಳ ಕಾಲವಾದ್ದರಿಂದ ಕಡಲ ಬದಿಯಲ್ಲಿ ಚಪ್ಪರ, ವಿದ್ಯುತ್ ತಂತಿ, ಜನ ಎಲ್ಲ ಇರುತ್ತಾರೆ. ಎಚ್ಚರಿಕೆ ಬಂದರೆ ಯಾರು ಯಾರಿಗೆ ಫೋನ್ ಮಾಡಬೇಕು, ಉತ್ಸವಮೂರ್ತಿಯನ್ನು ಯಾರು ಎತ್ತಬೇಕು, ಎಲ್ಲಿಗೆ ಒಯ್ಯಬೇಕು ಎಂಬುದನ್ನು ಅರ್ಚಕರು ಮತ್ತು ಗುರಿಕಾರರು ಸೇರಿ ಮೊದಲೇ ಬರೆದಿಡಬೇಕು. ವಿದ್ಯುತ್ತಿನ ಮೀಟರು, ಸ್ವಿಚ್ಚುಗಳು ತಲೆಯ ಮಟ್ಟಕ್ಕಿಂತ ಮೇಲಿರಲಿ. ಆಸ್ತಿಯ ದಾಖಲೆಗಳ ಮತ್ತು ಒಡವೆಯ ಪಟ್ಟಿಯ ಒಂದು ಪ್ರತಿ ಕಡಲಿನಿಂದ ದೂರದ ಮನೆಯೊಂದರಲ್ಲಿರಲಿ.

ಈ ವರ್ಷ ಒಂದೇ ಒಂದು ಕೆಲಸಕ್ಕೆ ಹಣವಿದೆ. ಯಾವುದನ್ನು ಮಾಡಿಸುವುದು?

ಅಳತೆಯ ನಕ್ಷೆ. ಪರವಾನಿಗೆಯುಳ್ಳ ಸರ್ವೆಯರ್ ಒಬ್ಬರಿಂದ ಗರ್ಭಗುಡಿ, ಪೌಳಿ, ಬಾವಿ, ಕಟ್ಟೆ, ಗೋರಿ, ಮರಗಳ ಸ್ಥಾನವನ್ನೂ ನೆಲದ ಎತ್ತರವನ್ನೂ ಭರತದ ಗೆರೆಯನ್ನೂ ದಾಖಲಿಸಿ, ಪ್ರತಿ ಗೋಡೆಯ ಫೋಟೊ ತೆಗೆಸಿಡಿ. ಅನುಮತಿಗೆ, ಪರಿಹಾರಕ್ಕೆ, ಗೋಡೆಯ ವಿನ್ಯಾಸಕ್ಕೆ, ಮುಂದೆ ಸ್ಥಳಾಂತರಕ್ಕೆ ಹೊರಟರೆ ವಾಸ್ತುವಿನ ಅಳತೆಯಾದ ಆಯ ಹಿಡಿಯಲಿಕ್ಕೂ ಅದೇ ನಕ್ಷೆ ಬೇಕಾಗುತ್ತದೆ. ಮಿಕ್ಕ ಹಣದಲ್ಲಿ ಗೋಡೆಯ ಬುಡದ ಇಂಟರ್‌ಲಾಕ್ ಕಿತ್ತುಬಿಡಿ. ಈ ಕೆಲಸಕ್ಕೆ ಏಪ್ರಿಲ್ ಸೂಕ್ತ. ಜೂನ್ ಬಂದ ಮೇಲೆ ಆಳುಗಳು ಸಿಗುವುದಿಲ್ಲ.